ಹೊರದೇಶದ ಗ್ರಾಹಕರಿಗೆ ಕೊಟ್ಟದ್ದನ್ನು ಕನ್ನಡಕ್ಕೂ ಕೊಡಿ

ಕನ್ನಡದಲ್ಲಿ ಜಾಲತಾಣ, ಆ್ಯಪ್, ಪೋರ್ಟಲ್ ಕಟ್ಟುವ ಎಂಜಿನಿಯರುಗಳಿಗೆ, ಡಿಸೈನರುಗಳಿಗೆ, ಸಂಪಾದಕರಿಗೆ ಮತ್ತು ಅವನ್ನು ಕಟ್ಟಿಸುವ ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ



ನಾನು ಕನ್ನಡವನ್ನು ಕಿವಿಯಿಂದ ಓದುತ್ತೇನೆ. ಕಣ್ಣು ಕಾಣದ ನನಗೆ ಮೊಬೈಲಿನಲ್ಲಿ ಟಾಕ್‌ಬ್ಯಾಕ್, ಕಂಪ್ಯೂಟರಿನಲ್ಲಿ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರುಗಳು ಪರದೆಯ ಮೇಲಿರುವುದನ್ನು ಓದಿ ಹೇಳುತ್ತವೆ. ಬೆಳಗಿನ ಸುದ್ದಿ, ಬ್ಯಾಂಕಿನ ಸಂದೇಶ, ಗೆಳೆಯರ ಹರಟೆ, ಹೊಸದಾಗಿ ಬಂದ ಕಥೆ, ಎಲ್ಲವೂ ನನಗೆ ಬರುವುದು ಈ ದಾರಿಯಲ್ಲೇ. ಈ ದಾರಿ ಎಲ್ಲೆಲ್ಲಿ ಕಡಿದುಹೋಗುತ್ತದೆ, ಏಕೆ ಕಡಿದುಹೋಗುತ್ತದೆ, ಸರಿಪಡಿಸಲು ಏನು ಮಾಡಬೇಕು ಎಂಬುದನ್ನು ನಿಮ್ಮ ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ. ಸರಿಪಡಿಸುವ ವಿದ್ಯೆ ನಿಮ್ಮ ಕೈಯಲ್ಲಿ ಈಗಾಗಲೇ ಇದೆ ಎಂಬ ನಂಬಿಕೆ ನನಗಿದೆ.

ಆ ನಂಬಿಕೆಗೆ ಆಧಾರ ಬೆಂಗಳೂರೇ. ಇಲ್ಲಿಯ ಕಂಪನಿಗಳು ಅಮೆರಿಕದ ಸರ್ಕಾರಿ ಇಲಾಖೆಗಳಿಗೆ ತಂತ್ರಾಂಶ ಒದಗಿಸುವಾಗ ಸೆಕ್ಷನ್ 508ರ ಕಟ್ಟಳೆಗೆ ತಲೆಬಾಗಬೇಕು. 1998ರಲ್ಲಿ ತಿದ್ದುಪಡಿಯಾದ ಆ ಕಾನೂನಿನ ಪ್ರಕಾರ, ಅಂಗವಿಕಲರಿಗೆ ಬಳಸಲು ಬಾರದ ತಂತ್ರಜ್ಞಾನವನ್ನು ಅಲ್ಲಿಯ ಕೇಂದ್ರ ಸರ್ಕಾರ ಕೊಳ್ಳುವಂತಿಲ್ಲ. ಯುರೋಪಿನ ಆಕ್ಸೆಸಿಬಿಲಿಟಿ (ಸುಗಮ್ಯತೆ) ಕಾಯ್ದೆ 2025ರ ಜೂನ್ 28ರಿಂದ ಜಾರಿಗೆ ಬಂದಿದೆ. ಆನ್‌ಲೈನ್ ಮಾರಾಟ, ಬ್ಯಾಂಕಿಂಗ್, ಇ-ಪುಸ್ತಕ, ಟಿಕೆಟ್ ಯಂತ್ರ ಎಲ್ಲಕ್ಕೂ ಅದು ಅನ್ವಯಿಸುತ್ತದೆ. ವೈಟ್‌ಫೀಲ್ಡಿನಲ್ಲಿ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕುಳಿತ ಕನ್ನಡದ ಹುಡುಗ ಹುಡುಗಿಯರು ಆ ಮಾನದಂಡಗಳ ಒಂದೊಂದು ಕಲಮನ್ನೂ ಓದಿಕೊಂಡು ದೋಷ ಹುಡುಕುತ್ತಾರೆ, ತಿದ್ದುತ್ತಾರೆ, ವರದಿ ಬರೆಯುತ್ತಾರೆ. ಬರ್ಲಿನ್ನಿನ ಕುರುಡ ಗ್ರಾಹಕನೊಬ್ಬ ಯಾರ ನೆರವೂ ಇಲ್ಲದೆ ರೈಲು ಟಿಕೆಟ್ ಕೊಳ್ಳುವಂತೆ ಮಾಡುವ ಕೆಲಸ ನಮ್ಮ ಊರಿನಲ್ಲೇ ನಡೆಯುತ್ತಿದೆ. ಅದೇ ಊರಿನಲ್ಲಿ ಕನ್ನಡದ ಓದುಗನಿಗಾಗಿ ತಾಣ ಕಟ್ಟುವಾಗ ಆ ಮಾನದಂಡಗಳು ಪೆಟ್ಟಿಗೆ ಸೇರುತ್ತವೆ. ನನ್ನ ಅಹವಾಲು ಇಷ್ಟೇ: ಹೊರದೇಶದ ಗ್ರಾಹಕರಿಗೆ ನೀವು ಒಪ್ಪಿಸುವ ಗುಣಮಟ್ಟವನ್ನು ಕನ್ನಡದವರಿಗೂ ಒಪ್ಪಿಸಿ.

ಮಾನದಂಡ ಏನೆಂದು ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಜಾಲದ ನಿಯಮಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 1997ರಲ್ಲಿ ಸುಗಮ್ಯತೆಗೆಂದೇ ಒಂದು ವಿಭಾಗ ತೆರೆಯಿತು. 1999ರಲ್ಲಿ ಮೊದಲ ಮಾರ್ಗಸೂಚಿ ಬಂತು. ಅದರ ಹೆಸರು ಡಬ್ಲ್ಯುಸಿಎಜಿ. ಬಲ್ಲವರ ಬಾಯಲ್ಲಿ ಅದು ವಿಕ್ಯಾಗ್. 2008ರ ಎರಡನೆಯ ಆವೃತ್ತಿ 2012ರಲ್ಲಿ ಐಎಸ್‌ಒ ಮಾನದಂಡವೂ ಆಯಿತು. 2018ರಲ್ಲಿ 2.1, 2023ರ ಅಕ್ಟೋಬರಿನಲ್ಲಿ 2.2 ಬಂದವು. ಇಷ್ಟೂ ಆವೃತ್ತಿಗಳ ತಿರುಳು ಎರಡನೆಯ ಆವೃತ್ತಿಯಿಂದ ಬದಲಾಗಿಲ್ಲ: ತಾಣದಲ್ಲಿರುವುದು ಕಣ್ಣಿಗೋ ಕಿವಿಗೋ ಬೆರಳಿಗೋ ಸಿಗಬೇಕು, ಮೌಸ್ ಇದ್ದರೂ ಇಲ್ಲದಿದ್ದರೂ ಬಳಸಲು ಬರಬೇಕು, ಅರ್ಥವಾಗಬೇಕು, ಯಾವ ಸಾಧನದಲ್ಲಿ ತೆರೆದರೂ ಕೆಡದೆ ನಿಲ್ಲಬೇಕು. ಇವುಗಳ ಕೆಳಗೆ ಹೌದು, ಇಲ್ಲ ಎಂದು ಪರೀಕ್ಷಿಸಿ ಹೇಳಬಹುದಾದ ಕಲಮುಗಳಿವೆ. ಎ, ಡಬಲ್ ಎ, ಟ್ರಿಪಲ್ ಎ ಎಂಬ ಮೂರು ಹಂತಗಳಿವೆ. ಲೋಕವೆಲ್ಲ ಕೇಳುವುದು ನಡುವಿನ ಡಬಲ್ ಎ ಹಂತವನ್ನು. ನಮ್ಮ ದೇಶವೂ ಸುಮ್ಮನಿಲ್ಲ. ಸರ್ಕಾರಿ ತಾಣಗಳ ಮಾರ್ಗಸೂಚಿ 2009ರಲ್ಲೇ ಬಂದಿದೆ, ಅದರ ಮೂರನೆಯ ಆವೃತ್ತಿ 2023ರದು. ಭಾರತೀಯ ಮಾನಕ ಬ್ಯೂರೋ (ಬಿಐಎಸ್) ರೂಪಿಸಿದ ಐಎಸ್ 17802 ಎಂಬ ಭಾರತೀಯ ಮಾನದಂಡವೂ ಇದೆ.

ಈ ಮಾನದಂಡಗಳು ಇಂಗ್ಲಿಷ್ ತಾಣಗಳಿಗೆ ಎಂದು ತಿಳಿದವರು ನಿಮ್ಮಲ್ಲಿ ಇದ್ದಾರು. ಕನ್ನಡಕ್ಕೆ ಇವು ಇನ್ನೂ ಹೆಚ್ಚು ಬೇಕು. ನಮ್ಮ ಲಿಪಿಯ ಸ್ವಭಾವ, ನಮ್ಮ ಕಚೇರಿಗಳ ರೂಢಿ ಎರಡೂ ಸೇರಿ, ಇಂಗ್ಲಿಷಿನಲ್ಲಿ ಇಲ್ಲದ ತೊಡಕುಗಳನ್ನು ಕನ್ನಡದಲ್ಲಿ ಸೃಷ್ಟಿಸಿವೆ. ಅವನ್ನು ಒಂದೊಂದಾಗಿ ಹೇಳಬೇಕು.

ಮೊದಲನೆಯದು ಹಳೆಯ ಫಾಂಟುಗಳ ಕತೆ. ನುಡಿ, ಬರಹ ತಂತ್ರಾಂಶಗಳು ಕಂಪ್ಯೂಟರಿನಲ್ಲಿ ಕನ್ನಡವನ್ನು ಹರಡಿದ ಕಾಲದಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸುವುದೇ ಕೈಗೆ ಸಿಕ್ಕ ಸುಲಭದ ದಾರಿಯಾಗಿತ್ತು. ಆ ಉಪಕಾರ ದೊಡ್ಡದು, ಅದನ್ನು ಯಾರೂ ಮರೆಯಬಾರದು. ಆದರೆ ಅಂಥ ಫಾಂಟಿನಲ್ಲಿ ಬರೆದ ‘ಕನ್ನಡ’ ಎಂಬ ಪದದ ಒಳಗೆ ಕಂಪ್ಯೂಟರಿಗೆ ಸಿಗುವುದೇನು ಗೊತ್ತೇ? ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟು ಹೊತ್ತ ಎ, ಪೌಂಡ್ ನಾಣ್ಯದ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ ಲಿಪಿಯ ಒಂದು ಅಕ್ಷರ, ಕ್ಯೂ, ಮತ್ತೊಮ್ಮೆ ಎ. ನೋಡುವವರಿಗೆ ಕನ್ನಡ, ಕೇಳುವ ನನಗೆ ಈ ಗೊಂದಲ. ಹುಡುಕಾಟದ ಯಂತ್ರಕ್ಕೂ ಸಿಗುವುದು ಇದೇ. ಆದ್ದರಿಂದ ಕಣ್ಣಿದ್ದವರೂ ಅಂಥ ಬರಹವನ್ನು ಹುಡುಕಿ ತೆಗೆಯಲಾರರು. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಿಂದಲೂ ಸ್ವಂತ ಜಾಗವಿದೆ. ಇವತ್ತಿನ ನುಡಿ, ಬರಹಗಳಲ್ಲೂ ಯೂನಿಕೋಡಿನಲ್ಲಿ ಬರೆಯಬಹುದು. ಆದರೂ ಮುದ್ರಣಕ್ಕೆಂದು ಹಳೆಯ ಫಾಂಟಿನಲ್ಲಿ ಪುಟ ಕಟ್ಟಿ, ಅದನ್ನೇ ಜಾಲಕ್ಕೆ ಏರಿಸುವ ರೂಢಿ ಪತ್ರಿಕೆಗಳಲ್ಲಿ, ಪ್ರಕಾಶನಗಳಲ್ಲಿ, ಇಲಾಖೆಗಳಲ್ಲಿ ಉಳಿದುಬಂದಿದೆ. ಪರಿವರ್ತಕಗಳು ಪುಕ್ಕಟೆಯಾಗಿ ಸಿಗುತ್ತವೆ. ಹಳೆಯದನ್ನು ಪರಿವರ್ತಿಸಿ, ಹೊಸದನ್ನು ಯೂನಿಕೋಡಿನಲ್ಲೇ ಬರೆಯಿರಿ.

ಎರಡನೆಯದು ಪಿಡಿಎಫ್. ಸರ್ಕಾರಿ ಆದೇಶವೊಂದನ್ನು ಕಂಪ್ಯೂಟರಿನಲ್ಲೇ ಟೈಪು ಮಾಡುತ್ತಾರೆ. ಸಹಿ ಬೀಳಲೆಂದು ಮುದ್ರಿಸುತ್ತಾರೆ. ಸಹಿಯಾದ ಮೇಲೆ ಸ್ಕ್ಯಾನ್ ಮಾಡಿ ಜಾಲಕ್ಕೆ ಏರಿಸುತ್ತಾರೆ. ಅಕ್ಷರವಾಗಿದ್ದದ್ದು ಹೀಗೆ ಚಿತ್ರವಾಗಿ ಹೊರಬರುತ್ತದೆ. ಸ್ಕ್ರೀನ್ ರೀಡರ್ ಅದನ್ನು ತೆರೆದು ಖಾಲಿ ಹಾಳೆ ಎನ್ನುತ್ತದೆ. ನೇಮಕಾತಿಯ ಅಧಿಸೂಚನೆ, ವಿದ್ಯಾರ್ಥಿವೇತನದ ನಿಯಮ, ಅಂಗವಿಕಲರ ಸೌಲಭ್ಯಗಳ ಸುತ್ತೋಲೆ ಕೂಡ ಹೀಗೆಯೇ ಬರುತ್ತವೆ. ಡಿಜಿಟಲ್ ಸಹಿಗೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯೇ ಮಾನ್ಯತೆ ಕೊಟ್ಟಿದೆ, ಹಾಗಾಗಿ ಮುದ್ರಿಸಿ ಸ್ಕ್ಯಾನ್ ಮಾಡುವ ಅಗತ್ಯವೇ ಇಲ್ಲ. ಚಿತ್ರದಿಂದ ಅಕ್ಷರ ಗುರುತಿಸುವ ತಂತ್ರಾಂಶಗಳು ಕನ್ನಡಕ್ಕೂ ಇವೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ. ಜಿ. ರಾಮಕೃಷ್ಣನ್ ಅವರ ತಂಡ ಕನ್ನಡ ಅಕ್ಷರ ಗುರುತಿಸುವ, ಕನ್ನಡವನ್ನು ಧ್ವನಿಯಾಗಿಸುವ ತಂತ್ರಾಂಶಗಳ ಮೇಲೆ ವರ್ಷಗಟ್ಟಲೆ ದುಡಿದಿದೆ. ಆದರೆ ಪುಟ ಓರೆಯಾಗಿದ್ದರೆ, ಮೊಹರು ಅಕ್ಷರದ ಮೇಲೆ ಬಿದ್ದಿದ್ದರೆ, ಕೋಷ್ಟಕದ ಗೆರೆಗಳು ಅಡ್ಡ ಬಂದರೆ ಯಾವ ತಂತ್ರಾಂಶವೂ ತಪ್ಪುತ್ತದೆ. ಅರ್ಜಿಯ ಕೊನೆಯ ದಿನಾಂಕದಲ್ಲಿ ಒಂದು ಅಂಕಿ ತಪ್ಪಿದರೆ ನಷ್ಟ ಅರ್ಜಿದಾರನದು.

ನೇರವಾಗಿ ಕಂಪ್ಯೂಟರಿನಿಂದ ಮಾಡಿದ ಪಿಡಿಎಫ್ ಕೂಡ ಕನ್ನಡದಲ್ಲಿ ಕೈಕೊಡುವುದುಂಟು. ನಮ್ಮಲ್ಲಿ ಒತ್ತಕ್ಷರ, ಗುಣಿತ ಎಲ್ಲ ಕೂಡಿ ಪರದೆಯ ಮೇಲೆ ಒಂದು ಆಕಾರವಾಗುತ್ತದೆ. ಆ ಆಕಾರದ ಹಿಂದೆ ಯಾವ ಅಕ್ಷರಗಳು, ಯಾವ ಕ್ರಮದಲ್ಲಿ ಇವೆ ಎಂಬ ಮಾಹಿತಿ ಕಡತದಲ್ಲಿ ಸರಿಯಾಗಿ ಸೇರದಿದ್ದರೆ ಓದುವಾಗ ಒತ್ತುಗಳು ಚೆಲ್ಲಾಪಿಲ್ಲಿಯಾಗುತ್ತವೆ. ಮುದ್ರಿಸಿದರೆ ಚೆಂದ, ನಕಲಿಸಿದರೆ ನುಚ್ಚುನೂರು. ಆದ್ದರಿಂದ ಜನರಿಗೆ ತಲುಪಲೇಬೇಕಾದ ಯಾವ ವಿಷಯವನ್ನೂ ಪಿಡಿಎಫ್ ಒಂದರಲ್ಲೇ ಬಿಡಬೇಡಿ. ಅದೇ ಪಠ್ಯವನ್ನು ಮಾಮೂಲಿ ಜಾಲಪುಟವಾಗಿಯೂ ಕೊಡಿ. ಸಣ್ಣ ಮೊಬೈಲಿನಲ್ಲಿ ಓದುವ ರೈತನಿಗೂ ಅದರಿಂದ ಅನುಕೂಲವೇ.

ಮೂರನೆಯದು ಪುಟದ ಭಾಷೆ. ಪ್ರತಿ ಜಾಲಪುಟವೂ ತನ್ನ ಭಾಷೆ ಯಾವುದೆಂದು ಕೋಡಿನ ಮೊದಲ ಸಾಲಿನಲ್ಲೇ ಹೇಳಬೇಕು. ಇದು ಎ ಹಂತದ ಕಲಮು, ಅಂದರೆ ತೀರಾ ಕನಿಷ್ಠದ್ದು. ಇಂಗ್ಲಿಷ್ ಮಾದರಿಯನ್ನು ತಂದು ಅದರೊಳಗೆ ಕನ್ನಡ ತುಂಬುವವರು ಆ ಸಾಲನ್ನು ಇಂಗ್ಲಿಷ್ ಎಂದೇ ಬಿಟ್ಟಿರುತ್ತಾರೆ. ಆಗ ಸ್ಕ್ರೀನ್ ರೀಡರ್ ಕನ್ನಡಕ್ಕೆ ಇಂಗ್ಲಿಷ್ ಧ್ವನಿಯನ್ನು ಹಚ್ಚುತ್ತದೆ. ಕೆಲವು ಧ್ವನಿಗಳು ಕನ್ನಡ ಅಕ್ಷರ ಎದುರಾದರೆ ಬಾಯಿ ತೆರೆಯುವುದೇ ಇಲ್ಲ. ಇಡೀ ಲೇಖನದಲ್ಲಿ ಅಂಕಿಗಳು ಮಾತ್ರ ಕೇಳಿಸುತ್ತವೆ. ಇ-ಸ್ಪೀಕ್ ಎಂಬ ಉಚಿತ ಧ್ವನಿಯಲ್ಲಿ, ಆಂಡ್ರಾಯ್ಡ್ ಫೋನುಗಳ ಧ್ವನಿಯಲ್ಲಿ ಕನ್ನಡ ಇದೆ. ಅದನ್ನು ಕರೆಯಲು ಕೋಡಿನಲ್ಲಿ ಎರಡಕ್ಷರ ಬದಲಾಯಿಸಿದರೆ ಸಾಕು.

ನಾಲ್ಕನೆಯದು ಅಕ್ಷರದ ಎತ್ತರ. ಮಂದದೃಷ್ಟಿಯವರು, ಪೊರೆ ಬಂದ ಹಿರಿಯರು ಅಕ್ಷರವನ್ನು ದೊಡ್ಡದು ಮಾಡಿಕೊಂಡು ಓದುತ್ತಾರೆ. ಇನ್ನೂರು ಪ್ರತಿಶತ ಹಿಗ್ಗಿಸಿದರೂ ಪುಟ ಕೆಡಬಾರದು ಎನ್ನುತ್ತದೆ ಮಾನದಂಡ. ಸಾಲುಗಳ ನಡುವೆ ಒಂದೂವರೆ ಪಟ್ಟು ಅಂತರ ಕೊಟ್ಟುಕೊಂಡರೂ ಯಾವ ಅಕ್ಷರವೂ ಮುಚ್ಚಿಹೋಗಬಾರದು ಎನ್ನುತ್ತದೆ ಇನ್ನೊಂದು ಕಲಮು. ಇಂಗ್ಲಿಷ್ ಅಕ್ಷರಕ್ಕೆ ಅಳೆದು ಮಾಡಿದ ಬಟನ್ನಿನಲ್ಲಿ ಕನ್ನಡ ಹಾಕಿದಾಗ ಮೇಲಿನ ಗುಡಿಸು, ಕೆಳಗಿನ ಒತ್ತು ಎರಡೂ ಕತ್ತರಿಸಿಹೋಗುತ್ತವೆ. ಒತ್ತು ಹೋದರೆ ಕನ್ನಡದಲ್ಲಿ ಅರ್ಥವೇ ಹೋಗುತ್ತದೆ. ‘ಬತ್ತ’ ಎಂದಿದ್ದದ್ದು ‘ಬತ’ ಎಂದು ಕಾಣುವ ಪರದೆಯನ್ನು ಮುಂದಿಟ್ಟುಕೊಂಡು ವಯಸ್ಸಾದ ರೈತರು ಏನು ಮಾಡಬೇಕು? ಜತೆಗೆ ಬಿಳಿಯ ಮೇಲೆ ತಿಳಿಬೂದು ಬಣ್ಣದ ಅಕ್ಷರ ಬರೆಯುವ ಚಾಳಿ ಬಿಡಿ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ಹೊಳಪಿನ ಅನುಪಾತ ಬೇಕು. ಅಳೆಯುವ ಸಾಧನಗಳು ನಿಮ್ಮ ಬ್ರೌಸರಿನಲ್ಲೇ ಇವೆ.

ಇನ್ನು ಅರ್ಜಿಗಳ ಮಾತು. ನಮ್ಮ ರಾಜ್ಯ ಭೂಮಿ ಯೋಜನೆಯ ಮೂಲಕ ಪಹಣಿಗಳನ್ನು ಕಂಪ್ಯೂಟರಿಗೆ ತಂದದ್ದು 2000ದ ಆಸುಪಾಸಿನಲ್ಲಿ, ದೇಶಕ್ಕೇ ಮಾದರಿಯಾಗಿ. ಅಲ್ಲಿಂದೀಚೆಗೆ ಜಾತಿ ಪ್ರಮಾಣಪತ್ರ, ಪಿಂಚಣಿ, ಕಾಲೇಜು ಪ್ರವೇಶ, ಬಸ್ ಟಿಕೆಟ್ ಎಲ್ಲವೂ ಪರದೆಗೆ ಬಂದಿವೆ. ಕಚೇರಿಯ ಮೆಟ್ಟಿಲು ಹತ್ತಲಾಗದವರಿಗೆ ಇದು ವರವಾಗಬೇಕಿತ್ತು. ಇಂಥದೊಂದು ಅರ್ಜಿಯನ್ನು ನಾನು ತುಂಬಲು ಕುಳಿತಾಗ ಪ್ರತಿ ಖಾನೆಯಲ್ಲೂ ‘ಎಡಿಟ್ ಬಾಕ್ಸ್’, ‘ಎಡಿಟ್ ಬಾಕ್ಸ್’ ಎಂದಷ್ಟೇ ಕೇಳಿಸಿತು. ಯಾವುದರಲ್ಲಿ ಹೆಸರು, ಯಾವುದರಲ್ಲಿ ತಂದೆಯ ಹೆಸರು ಎಂದು ಕೋಡಿನಲ್ಲಿ ಯಾರೂ ಬರೆದಿರಲಿಲ್ಲ. ಊಹಿಸಿ ತುಂಬಿದೆ. ಕೊನೆಯಲ್ಲಿ ಸೊಟ್ಟ ಇಂಗ್ಲಿಷ್ ಅಕ್ಷರಗಳ ಚಿತ್ರ ನೋಡಿ ಟೈಪು ಮಾಡಬೇಕಿತ್ತು. ಕೇಳಿಸುವ ಬದಲಿ ದಾರಿ ಇರಲಿಲ್ಲ. ಯಾರನ್ನಾದರೂ ಕರೆಯೋಣವೆಂದು ಎದ್ದು ಬರುವಷ್ಟರಲ್ಲಿ ಸಮಯ ಮುಗಿದು ತುಂಬಿದ್ದೆಲ್ಲ ಅಳಿಸಿಹೋಯಿತು. ಕೊನೆಗೆ ಸೈಬರ್ ಸೆಂಟರಿಗೆ ಹೋಗಿ, ಗುರುತಿಲ್ಲದ ಹುಡುಗನೊಬ್ಬನಿಗೆ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆಯ ವಿವರ, ಫೋನಿಗೆ ಬಂದ ಒಟಿಪಿ ಎಲ್ಲವನ್ನೂ ಒಪ್ಪಿಸಬೇಕಾಯಿತು. ಒಟಿಪಿಯನ್ನು ಯಾರಿಗೂ ಹೇಳಬೇಡಿ ಎಂದು ನಿಮ್ಮದೇ ಸಂದೇಶಗಳು ದಿನವೂ ಎಚ್ಚರಿಸುತ್ತವೆ. ಹೇಳದೆ ಬದುಕುವ ದಾರಿಯನ್ನು ನಮ್ಮಂಥವರಿಗೆ ಮುಚ್ಚಿದವರೂ ನೀವೇ.

ಈ ಒಂದೊಂದು ತೊಡಕಿಗೂ ಮಾನದಂಡದಲ್ಲಿ ಒಂದೊಂದು ಕಲಮಿದೆ. ಪ್ರತಿ ಖಾನೆಗೂ ಕೋಡಿನಲ್ಲಿ ಹೆಸರಿರಬೇಕು. ಸಮಯದ ಮಿತಿ ಇದ್ದರೆ ಮುಗಿಯುವ ಮುನ್ನ ಎಚ್ಚರಿಸಿ, ವಿಸ್ತರಿಸಿಕೊಳ್ಳಲು ಅವಕಾಶ ಕೊಡಬೇಕು. ಲಾಗಿನ್ ಆಗಲು ಒಗಟು ಬಿಡಿಸುವುದು, ಸೊಟ್ಟ ಅಕ್ಷರ ನಕಲು ಮಾಡುವುದು ಇವೇ ಏಕೈಕ ದಾರಿಯಾಗಬಾರದು ಎಂದು 2023ರ ಆವೃತ್ತಿ ಸ್ಪಷ್ಟವಾಗಿ ಹೇಳಿದೆ. ಪಾಸ್‌ವರ್ಡ್ ಖಾನೆಯಲ್ಲಿ ಪೇಸ್ಟ್ ಮಾಡಲು ಬಿಡದ ತಾಣಗಳು ಸುರಕ್ಷತೆಯ ಹೆಸರಿನಲ್ಲಿ ಮಾಡುವುದು ಉಪದ್ರವವನ್ನೇ.

ನನ್ನ ಕಷ್ಟವನ್ನೇ ಹೇಳಿಕೊಂಡೆ. ಮಾನದಂಡ ಇರುವುದು ಕುರುಡರಿಗಷ್ಟೇ ಅಲ್ಲ. ಕಿವಿ ಕೇಳದವರಿಗೆ ವಿಡಿಯೊದ ಕೆಳಗೆ ಬರಹ ಬೇಕು. ಇದೂ ಎ ಹಂತದ್ದೇ. ಪ್ರವಾಹದ ಎಚ್ಚರಿಕೆ, ಲಸಿಕೆಯ ಮಾಹಿತಿ, ಹೊಸ ಯೋಜನೆಯ ಘೋಷಣೆ ಕನ್ನಡದಲ್ಲಿ ಮಾತಾಡಿ ಮುಗಿಸಿದರೆ ಅವರಿಗೆ ತಲುಪುವುದು ತುಟಿಯ ಚಲನೆ ಮಾತ್ರ. ಯಂತ್ರವೇ ಹಾಕುವ ಕನ್ನಡ ಅಡಿಬರಹವನ್ನು ಒಬ್ಬರು ಕೂತು ತಿದ್ದಿದ ಮೇಲೆಯೇ ಬಿಡುಗಡೆ ಮಾಡಿ. ಊರಿನ ಹೆಸರು, ಔಷಧದ ಹೆಸರು, ಮೊತ್ತ ಇವುಗಳಲ್ಲೇ ಯಂತ್ರ ಎಡವುವುದು. ಕೈ ನಡುಗುವವರಿಗೆ, ಬೆರಳು ಮಡಚಲಾಗದವರಿಗೆ ಒತ್ತುವ ಗುಂಡಿ ಕನಿಷ್ಠ 24 ಪಿಕ್ಸೆಲ್ ಅಗಲ, 24 ಪಿಕ್ಸೆಲ್ ಎತ್ತರವಾದರೂ ಇರಬೇಕು. ಕೀಬೋರ್ಡ್ ಒಂದರಿಂದಲೇ ಇಡೀ ತಾಣದಲ್ಲಿ ಓಡಾಡಲು ಬರಬೇಕು. ಕೆಂಪು ಹಸಿರು ಬೇರ್ಪಡಿಸಿ ನೋಡಲಾಗದವರಿಗೆ ಬಣ್ಣವೊಂದರಿಂದಲೇ ಸೂಚನೆ ಕೊಡಬಾರದು.

ಕನ್ನಡ ಸುದ್ದಿವಾಹಿನಿಗಳ ಗೆಳೆಯರಿಗೆ ಒಂದು ಮಾತು. ಒಂದು ಸೆಕೆಂಡಿನಲ್ಲಿ ಮೂರಕ್ಕಿಂತ ಹೆಚ್ಚು ಸಲ ಮಿಂಚುವ ಯಾವುದನ್ನೂ ತೋರಿಸಬೇಡಿ ಎನ್ನುತ್ತದೆ ಮಾನದಂಡ. ಅದು ಮೂರ್ಛೆರೋಗ ಇರುವವರ ಜೀವದ ಪ್ರಶ್ನೆ. 1997ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಪೋಕೆಮಾನ್ ಕಾರ್ಟೂನಿನ ಒಂದು ಕಂತಿನಲ್ಲಿ ಕೆಂಪು ನೀಲಿ ಬೆಳಕು ಮಿಂಚಿದ್ದರಿಂದ ನೂರಾರು ಮಕ್ಕಳು ಆಸ್ಪತ್ರೆ ಸೇರಬೇಕಾಯಿತು. ನಿಮ್ಮ ಬ್ರೇಕಿಂಗ್ ನ್ಯೂಸ್ ಪಟ್ಟಿಗಳ ಮಿಣುಕಾಟವನ್ನು ಈ ಕಣ್ಣಿನಿಂದ ಒಮ್ಮೆ ನೋಡಿ.

2011ರ ಜನಗಣತಿ ದೇಶದಲ್ಲಿ 2.68 ಕೋಟಿ, ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರನ್ನು ಲೆಕ್ಕ ಹಾಕಿತ್ತು. ಆಗ ಎಣಿಕೆಗೆ ಬಂದ ವಿಧಗಳು ಎಂಟು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ್ದು ಇಪ್ಪತ್ತೊಂದು. ಆದ್ದರಿಂದ ನಿಜವಾದ ಸಂಖ್ಯೆ ಇನ್ನೂ ದೊಡ್ಡದು. ‘ನಮ್ಮ ಬಳಕೆದಾರರಲ್ಲಿ ಅಂಥವರು ಯಾರೂ ಇಲ್ಲ’ ಎಂಬ ಮಾತನ್ನು ಸಭೆಗಳಲ್ಲಿ ಕೇಳಿದ್ದೇನೆ. ಒಳಗೆ ಬರಲು ಬಿಡದ ತಾಣದಲ್ಲಿ ನಾವು ಲೆಕ್ಕಕ್ಕೆ ಸಿಗುವುದಾದರೂ ಹೇಗೆ?

ಇದು ದಯೆಯ ಮಾತಲ್ಲ, ಕಾನೂನಿನ ಮಾತು. ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಪ್ಪಂದಕ್ಕೆ ಭಾರತ 2007ರಲ್ಲೇ ಅಂಗೀಕಾರ ಕೊಟ್ಟಿದೆ. 2016ರ ಕಾಯ್ದೆಯ 42ನೆಯ ಕಲಮು ಮಾಹಿತಿ ಮತ್ತು ತಂತ್ರಜ್ಞಾನ ನಮಗೆ ಬಳಸಲು ಬರುವಂತಿರಬೇಕು ಎನ್ನುತ್ತದೆ. 46ನೆಯ ಕಲಮು ಸರ್ಕಾರಿ, ಖಾಸಗಿ ಎಂದು ಭೇದ ಮಾಡದೆ ಸೇವೆ ಕೊಡುವವರಿಗೆಲ್ಲ ಎರಡು ವರ್ಷದ ಗಡುವು ಕೊಟ್ಟಿತ್ತು. ಆ ಗಡುವು 2019ರಲ್ಲೇ ಮುಗಿದಿದೆ. ಮುರಿದವರಿಗೆ ಮೊದಲ ಸಲ ಹತ್ತು ಸಾವಿರ ರೂಪಾಯಿವರೆಗೆ, ಮತ್ತೆ ಮುರಿದರೆ ಐದು ಲಕ್ಷದವರೆಗೆ ದಂಡವಿದೆ. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು: ಸುಗಮ್ಯತೆಯ ನಿಯಮಗಳು ಬರೀ ಸಲಹೆಯ ರೂಪದಲ್ಲಿರುವುದು ಕಾಯ್ದೆಗೆ ವಿರುದ್ಧ, ಕಡ್ಡಾಯವಾದ ನಿಯಮಗಳನ್ನು ರೂಪಿಸಬೇಕು ಎಂದು ಆದೇಶಿಸಿತು.

ಅದೇ ಕೋರ್ಟಿನ 2025ರ ಏಪ್ರಿಲ್ 30ರ ತೀರ್ಪನ್ನು ನಿಮ್ಮಲ್ಲಿ ಪ್ರತಿಯೊಬ್ಬರೂ ಓದಬೇಕು. ಬ್ಯಾಂಕ್ ಖಾತೆಗೆ, ಸಿಮ್ ಕಾರ್ಡಿಗೆ ಬೇಕಾದ ಇ-ಕೆವೈಸಿ ಎಂಬ ಆನ್‌ಲೈನ್ ಗುರುತು ಪರಿಶೀಲನೆಯಲ್ಲಿ ವ್ಯಕ್ತಿ ಜೀವಂತ ಎಂದು ಸಾಬೀತಾಗಲು ಕ್ಯಾಮೆರಾದ ಮುಂದೆ ಕಣ್ಣು ಮಿಟುಕಿಸಬೇಕಿತ್ತು. ಆ್ಯಸಿಡ್ ದಾಳಿಯಲ್ಲಿ ಕಣ್ಣಿಗೆ ಹಾನಿಯಾದವರು ಮಿಟುಕಿಸುವುದು ಹೇಗೆ? ಅವರೂ ದೃಷ್ಟಿಹೀನ ವಕೀಲರೊಬ್ಬರೂ ಸಲ್ಲಿಸಿದ ಅರ್ಜಿಗಳಲ್ಲಿ ನ್ಯಾಯಮೂರ್ತಿ ಜೆ. ಬಿ. ಪಾರ್ದಿವಾಲಾ ಮತ್ತು ನ್ಯಾಯಮೂರ್ತಿ ಆರ್. ಮಹಾದೇವನ್ ಅವರ ಪೀಠ, ಡಿಜಿಟಲ್ ಸೇವೆಗಳನ್ನು ಪಡೆಯುವ ಹಕ್ಕು ಸಂವಿಧಾನದ 21ನೆಯ ವಿಧಿ ಕೊಡುವ ಬದುಕುವ ಹಕ್ಕಿನ ಭಾಗ ಎಂದು ಸಾರಿ, ಇಪ್ಪತ್ತು ನಿರ್ದೇಶನಗಳನ್ನು ಕೊಟ್ಟಿತು. ಮಿಟುಕಿಸುವ ಪರೀಕ್ಷೆ ಬರೆದ ಎಂಜಿನಿಯರ್ ಕೆಟ್ಟವರೆಂದು ನಾನು ಹೇಳಲಾರೆ. ಬರೆದ ಕೋಣೆಯಲ್ಲಿ ಮಿಟುಕಿಸಲಾಗದವರು ಒಬ್ಬರೂ ಇರಲಿಲ್ಲ, ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಮಾನದಂಡಗಳು ಹುಟ್ಟಿದ್ದು ಇಂಥ ಕೋಣೆಗಳಿಗಾಗಿಯೇ.

‘ಖರ್ಚು ಹೆಚ್ಚು’ ಎನ್ನುತ್ತೀರಿ. ಕಟ್ಟಿ ಮುಗಿಸಿದ ಮೇಲೆ ತಿದ್ದಲು ಹೊರಟರೆ ಹೆಚ್ಚೇ. ಸಾರು ಕುದಿಯುವಾಗಲೇ ಬೀಳಬೇಕಾದ ಉಪ್ಪಿನ ಹಾಗೆ ಇದು ವಿನ್ಯಾಸದ ಹೊತ್ತಿಗೇ ಬೆರೆಯಬೇಕು. ವೆಬ್‌ಏಮ್ ಎಂಬ ಸಂಸ್ಥೆ ಪ್ರತಿವರ್ಷ ಲೋಕದ ಹತ್ತು ಲಕ್ಷ ಜಾಲತಾಣಗಳ ಮುಖಪುಟಗಳನ್ನು ಪರೀಕ್ಷಿಸುತ್ತದೆ. 2025ರಲ್ಲಿ ನೂರಕ್ಕೆ 94.8 ತಾಣಗಳಲ್ಲಿ ದೋಷ ಕಂಡಿತು. ಆದರೆ ಅದೇ ವರದಿಯ ಇನ್ನೊಂದು ಮಾತು ಭರವಸೆಯದು: ಸಿಕ್ಕ ದೋಷಗಳಲ್ಲಿ ನೂರಕ್ಕೆ 96ರಷ್ಟು ಆರೇ ಬಗೆಯವು. ಮಬ್ಬು ಬಣ್ಣ, ವಿವರಣೆಯಿಲ್ಲದ ಚಿತ್ರ, ಹೆಸರಿಲ್ಲದ ಖಾನೆ, ಖಾಲಿ ಕೊಂಡಿ, ಖಾಲಿ ಬಟನ್, ಹೇಳದೆ ಬಿಟ್ಟ ಭಾಷೆ. ಇವನ್ನು ತಿದ್ದಲು ಹೊಸ ಸಂಶೋಧನೆ ಬೇಕಿಲ್ಲ, ಗಮನ ಬೇಕು.

ಕೆಲವರು ಅಡ್ಡದಾರಿ ತೋರಿಸುತ್ತಾರೆ. ತಾಣದ ಮೂಲೆಯಲ್ಲಿ ಗಾಲಿಕುರ್ಚಿಯ ಚಿತ್ರವಿರುವ ಒಂದು ವಿಜೆಟ್ ಅಂಟಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ಮಾರುತ್ತಾರೆ. ಒಳಗಿನ ಕೋಡ್ ಮುರಿದಿದ್ದರೆ ಹೊರಗಿನ ವಿಜೆಟ್ ಅದನ್ನು ಕಟ್ಟಿಕೊಡದು. ಯಾವ ತಾಣವನ್ನಾದರೂ ಮಾನದಂಡಕ್ಕೆ ಹೊಂದಿಸಬಲ್ಲೆವೆಂದು ಪ್ರಚಾರ ಮಾಡಿದ ಅಂಥ ಒಂದು ಕಂಪನಿ ಹತ್ತು ಲಕ್ಷ ಡಾಲರ್ ತೆರಬೇಕೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2025ರಲ್ಲಿ ಕ್ರಮ ಕೈಗೊಂಡಿತು. ವಿಜೆಟ್ಟಿಗೆ ಸುರಿಯುವ ದುಡ್ಡಿನಲ್ಲಿ ನಿಮ್ಮ ತಂಡಕ್ಕೆ ತರಬೇತಿ ಕೊಡಿಸಿ.

ಈಗ ನೇರವಾಗಿ ಕೇಳುತ್ತೇನೆ.

ಎಂಜಿನಿಯರುಗಳೇ, ಬಿಡುಗಡೆಗೆ ಮುನ್ನ ಮೌಸನ್ನು ಪಕ್ಕಕ್ಕಿಟ್ಟು ಕೀಬೋರ್ಡಿನಿಂದಲೇ ಅರ್ಜಿಯನ್ನು ಕೊನೆಯವರೆಗೆ ತುಂಬಿ ನೋಡಿ. ಎನ್‌ವಿಡಿಎ ಪುಕ್ಕಟೆ ಸಿಗುತ್ತದೆ. ಆಸ್ಟ್ರೇಲಿಯಾದ ಕುರುಡ ಪ್ರೋಗ್ರಾಮರೊಬ್ಬರು 2006ರಲ್ಲಿ ಶುರು ಮಾಡಿದ ಕೆಲಸ ಅದು. ಟಾಕ್‌ಬ್ಯಾಕ್ ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿ ಮೊದಲೇ ಇರುತ್ತದೆ. ಅದನ್ನು ಹಚ್ಚಿ, ಪರದೆಯನ್ನು ಆರಿಸಿ, ನಿಮ್ಮದೇ ಆ್ಯಪ್ ಬಳಸಿ. ಯಂತ್ರದ ಪರೀಕ್ಷೆಯಲ್ಲಿ ನೂರಕ್ಕೆ ನೂರು ಬಂತೆಂದು ನಿಲ್ಲಬೇಡಿ. ಚಿತ್ರಕ್ಕೆ ವಿವರಣೆ ಇದೆಯೇ ಎಂದು ಯಂತ್ರ ನೋಡುತ್ತದೆ, ಆ ವಿವರಣೆ ಸರಿಯೇ ಎಂದು ನೋಡುವುದು ಮನುಷ್ಯರ ಕೆಲಸ.

ಡಿಸೈನರುಗಳೇ, ಪರದೆಯ ಮಾದರಿಯನ್ನು ಮೊದಲು ಕನ್ನಡದಲ್ಲೇ ಮಾಡಿ. ಸ್ತ್ರೀ, ರಾಷ್ಟ್ರ, ಲಕ್ಷ್ಮಿ ಮುಂತಾದ ಒತ್ತಿನ ಪದಗಳು ಹಿಗ್ಗಿಸಿದಾಗಲೂ ಉಳಿಯುತ್ತವೆಯೇ ಎಂದು ನೋಡಿ.

ಸಂಪಾದಕರೇ, ಪ್ರತಿ ಚಿತ್ರಕ್ಕೂ ಕನ್ನಡದಲ್ಲಿ ಒಂದು ಸಾಲಿನ ವಿವರಣೆ ಬರೆಸಿ. ‘ಚಿತ್ರ 1’ ಎಂದು ಬರೆದರೆ ಅದು ವಿವರಣೆಯಾಗದು. ಅಣೆಕಟ್ಟಿನ ನೀರಿನ ಮಟ್ಟದ ನಕ್ಷೆ ಹಾಕಿದರೆ ಎಷ್ಟು ಅಡಿ ಎಂಬುದನ್ನು ಅಕ್ಷರದಲ್ಲೂ ಹೇಳಿ. ಹಬ್ಬದ ಶುಭಾಶಯದಿಂದ ಹಿಡಿದು ಮೃತ್ಯುವಾರ್ತೆಯವರೆಗೆ ಎಲ್ಲವನ್ನೂ ಬಣ್ಣದ ಕಾರ್ಡಿನ ಚಿತ್ರವಾಗಿ ಹಂಚುವಾಗ ಅದೇ ಮಾತುಗಳನ್ನು ಕೆಳಗೆ ಟೈಪು ಮಾಡಿ.

ಪ್ರಕಾಶಕರೇ, ಮುದ್ರಿತ ಪುಸ್ತಕ ಓದಲಾಗದವರಿಗಾಗಿ ಪ್ರತಿ ಮಾಡಿಕೊಳ್ಳಲು ನಮ್ಮ ಕೃತಿಸ್ವಾಮ್ಯ ಕಾಯ್ದೆ 2012ರ ತಿದ್ದುಪಡಿಯಿಂದ ಅವಕಾಶ ಕೊಟ್ಟಿದೆ. ಅದೇ ಆಶಯದ ಮರಕೇಶ್ ಒಪ್ಪಂದಕ್ಕೆ 2014ರಲ್ಲಿ ಲೋಕದಲ್ಲೇ ಮೊದಲು ಅಂಗೀಕಾರ ಕೊಟ್ಟ ದೇಶ ಭಾರತ. ನೀವು ಯೂನಿಕೋಡ್ ಕಡತವನ್ನು ಕೊಟ್ಟರೆ ವಾರಗಟ್ಟಲೆ ಸ್ಕ್ಯಾನ್ ಮಾಡಿ ತಿದ್ದುವ ಸ್ವಯಂಸೇವಕರ ಶ್ರಮ ಉಳಿಯುತ್ತದೆ, ಪುಸ್ತಕ ಬಂದ ದಿನವೇ ನಾವೂ ಓದುತ್ತೇವೆ.

ಅಧಿಕಾರಿಗಳೇ, ಟೆಂಡರಿನಲ್ಲಿ ಐಎಸ್ 17802 ಮತ್ತು ವಿಕ್ಯಾಗ್ ಡಬಲ್ ಎ ಹಂತವನ್ನು ಷರತ್ತಾಗಿ ಬರೆಯಿರಿ. ಬರೆದು ಬಿಡಬೇಡಿ, ಅಂಗವಿಕಲ ಬಳಕೆದಾರರು ಪರೀಕ್ಷಿಸಿ ಒಪ್ಪಿದ ವರದಿ ಬಾರದೆ ಕೊನೆಯ ಕಂತಿನ ಹಣ ಬಿಡುಗಡೆಯಾಗದಂತೆ ನೋಡಿಕೊಳ್ಳಿ. ಪರೀಕ್ಷಿಸುವವರಿಗೆ ಸಂಭಾವನೆ ಕೊಡಿ. ಮೈಸೂರಿನಲ್ಲಿ ಕುರುಡರ, ಕಿವುಡರ ಶಾಲೆ ಶುರುವಾದದ್ದು 1901ರಲ್ಲಿ. ಬೆಂಗಳೂರಿನಲ್ಲಿ ಮಿತ್ರಜ್ಯೋತಿ, ಸಮರ್ಥನಂ, ಎನೇಬಲ್ ಇಂಡಿಯಾದಂಥ ಸಂಸ್ಥೆಗಳು ದಶಕಗಳಿಂದ ನಮ್ಮಂಥವರಿಗೆ ಕಂಪ್ಯೂಟರ್ ಕಲಿಸುತ್ತಿವೆ. ಪರೀಕ್ಷಿಸಬಲ್ಲವರು ಸಿಗುವುದಿಲ್ಲ ಎಂಬ ಮಾತು ಈ ರಾಜ್ಯದಲ್ಲಿ ನಿಲ್ಲುವುದಿಲ್ಲ.

ಕೊನೆಯದಾಗಿ, ನಿಮ್ಮ ತಾಣದಲ್ಲಿ ಸುಗಮ್ಯತೆಯ ಒಂದು ಪುಟವಿರಲಿ. ಏನು ಸರಿಯಾಗಿದೆ, ಏನು ಇನ್ನೂ ಬಾಕಿ, ಬಾಕಿಯನ್ನು ಯಾವ ತಿಂಗಳೊಳಗೆ ಮುಗಿಸುತ್ತೀರಿ ಎಂದು ಅದರಲ್ಲಿ ಕನ್ನಡದಲ್ಲಿ ಬರೆಯಿರಿ. ದೂರು ಹೇಳಲು ಒಂದು ಫೋನ್ ಸಂಖ್ಯೆ, ಒಂದು ಮೇಲ್ ವಿಳಾಸ ಕೊಡಿ, ಕರೆಗೆ ಉತ್ತರಿಸುವ ಮನುಷ್ಯರನ್ನು ನೇಮಿಸಿ. ಬಾಕಿ ಇದೆ ಎಂದು ಒಪ್ಪಿಕೊಂಡವರನ್ನು ನಾವು ಬೈಯುವುದಿಲ್ಲ. ಅವರ ಜತೆ ಕೂತು ಪಟ್ಟಿಯನ್ನು ಚಿಕ್ಕದು ಮಾಡುತ್ತೇವೆ. ನಿಮ್ಮ ಮುಂದಿನ ಬಿಡುಗಡೆಯ ಕೆಲಸಗಳ ಪಟ್ಟಿಯಲ್ಲಿ ಇದು ಮೊದಲ ಸಾಲಾಗಲಿ. ಪರೀಕ್ಷೆಗೆ ಕರೆಯಿರಿ, ಬರಲು ನಾವು ಸಿದ್ಧರಿದ್ದೇವೆ.

ಇಂತಿ ನಿಮ್ಮ,
ಕನ್ನಡದ ಒಬ್ಬ ಓದುಗ